ಎರಡನೇ ಭಾಗ ನೋಡ್ಬೇಡಿ, ಅತ್ತಿಗೆ

...ಅಲ್ಲ ಅತ್ತಿಗೆ, ನಾನು ಕೇಳ್ತಿರೋದು ಇಷ್ಟೇ. ನಿನ್ನೆ ಸಿನಿಮಾದ ಮೊದಲನೇ ಭಾಗ ನೋಡಿದ್ರಿ. ಚೆನ್ನಾಗಿತ್ತು. ಕತ್ತಲಲ್ಲಿ ಕಣ್ಣೊರೆಸ್ಕೊಂಡ್ರಿ, ನಾನು ನೋಡಿಲ್ಲ ಅಂದ್ಕೊಂಡ್ರಿ. ಆಯ್ತಲ್ಲ, ಸಾಕು. ಇವತ್ತು ಎರಡನೇದಕ್ಕೆ ಹೋಗ್ಬೇಡಿ. ತಲೆನೋವು ಅನ್ನಿ. ಈ ಕೋಟು ನಾಳೆ ಬೆಳಿಗ್ಗೆ ಕೊಡ್ಬೇಕು ಅನ್ನಿ. ಗುಬ್ಬಿ ಒಬ್ಬಳೇ ಹೋಗಿ ನೋಡ್ಕೊಂಡು ಬರ್ಲಿ... ಊಹೂಂ, ಅವಳೂ ಬೇಡ. ನಿಮಗೆ ತಲೆನೋವು ಅಂದ್ರೆ ಅವಳು ಹೇಗೂ ಹೋಗಲ್ಲ. ಆ ವಿಷಯದಲ್ಲಿ ಮಗಳು ನಿಮ್ಮ ಹಾಗೆ, ಅಪ್ಪನ ಹಾಗಲ್ಲ.

ಯಾಕೆ ಹುಬ್ಬು ಏರಿಸ್ತೀರಿ? ಬಾಯ್ತುಂಬ ಗುಂಡುಸೂಜಿ ಕಚ್ಕೊಂಡು ಹುಬ್ಬಲ್ಲೇ ವಾದ ಮಾಡೋದನ್ನ ನಿಮ್ಮಿಂದ ಕಲೀಬೇಕು. ಇಪ್ಪತ್ತೆಂಟು ವರ್ಷ ತರ್ಕಶಾಸ್ತ್ರ ಪಾಠ ಹೇಳಿದೀನಿ. ಒಬ್ಬನೇ ಒಬ್ಬ ವಿದ್ಯಾರ್ಥಿ ನನ್ನ ಹೀಗೆ ಸೋಲಿಸಿಲ್ಲ.

ಗಡಿಯಾರ ತೋರಿಸ್ಬೇಡಿ. ನಂಗೂ ಗೊತ್ತು. ಈಗ ನಾಲ್ಕೂಕಾಲು, ಆರಕ್ಕೆ ಸಿನಿಮಾ, ಅದಕ್ಕೆ ಮುಂಚೆ ಹತ್ತು ನಿಮಿಷ ನನ್ನ ಭಾಷಣ. "ಎರಡು ಭಾಗಗಳು: ಒಂದು ತುಲನೆ." ಶೀರ್ಷಿಕೆ ನಂದಲ್ಲ, ಸಿನಿಮಾ ತೋರಿಸ್ತಿರೋರು ಕೊಟ್ಟಿದ್ದು. ನಾನಾಗಿದ್ರೆ ತುಲನೆ ಗಿಲನೆ ಅಂತ ಹಾಕ್ತಿರ್ಲಿಲ್ಲ.

ಸರಿ, ಆ ಭಾಷಣವನ್ನೇ ಈಗ ನಿಮಗೆ ಹೇಳ್ತೀನಿ. ಕೇಳಿ. ಕೇಳಿದ್ಮೇಲೆ ಹೋಗೋ ಆಸೆಯೇ ಉಳಿಯಲ್ಲ ನಿಮಗೆ. ಹೊಲೀತಾ ಕೇಳಿ, ಪರವಾಗಿಲ್ಲ. ಮಿಷನ್ ಸದ್ದು ನಂಗೆ ಅಭ್ಯಾಸ ಆಗಿದೆ.

ಮೊದಲನೇ ಭಾಗ. ಕಪ್ಪು ಬಿಳುಪು. ಬ್ರಿಟನ್ನಿನ ಯಾವುದೋ ಬಂದರು, ಯುದ್ಧ ಮುಗಿದು ಹತ್ತು ವರ್ಷ ಆಗಿರ್ಬೇಕು. ಡಿಪೋದಲ್ಲಿ ಬಸ್ ತೊಳೆಯೋ ಹುಡುಗ. ಹಡಗಿನವರ ಹತ್ರ ರಾಕ್ ಅಂಡ್ ರೋಲ್ ರೆಕಾರ್ಡು ಕೇಳ್ತಾನೆ, ತಲೆ ಕೆಡುತ್ತೆ. ಬಸ್ಸಿನ ಹಾರನ್ನಿನ ಶ್ರುತಿಗೆ ತಂತಿ ಹೊಂದಿಸಿ ಗಿಟಾರ್ ಕಲೀತಾನೆ. ಹೆಂಡತಿ ಡಿಪೋ ಕ್ಯಾಂಟೀನಿನಲ್ಲಿ ಲೋಟ ತೊಳೀತಾಳೆ. ಅವನಿಗಿರೋದು ಒಂದೇ ಜಾಕೆಟ್ಟು, ಅದರ ಮೊಣಕೈಗೆ ಅವಳು ತೇಪೆ ಹಾಕ್ತಾಳೆ. ನೀವು ಅತ್ತಿದ್ದು ಅಲ್ಲೇ. ನಂಗೆ ಗೊತ್ತು. ಹೊಲಿಗೆ ತಪ್ಪು ಹಾಕಿದ್ದಾಳೆ ಅಂತ ಅತ್ತಿರ್ಬೇಕು.

ಹ್ಞಾ, ನಗಿ. ಹುಷಾರು, ಸೂಜಿ ನುಂಗೀರಿ.

ಕೊನೆಗೆ ಕ್ಯಾಂಟೀನಿನಲ್ಲಿ ಕಛೇರಿ. ಹನ್ನೊಂದು ಜನ ಚಪ್ಪಾಳೆ ತಟ್ತಾರೆ, ಅದರಲ್ಲಿ ಒಬ್ಬಳು ಹೆಂಡತಿ. ಅಷ್ಟೇ ಸಿನಿಮಾ. ಹುಡುಗ ಕೆಟ್ಟದಾಗಿ ಹಾಡ್ತಾನೆ, ಎರಡು ಕಡೆ ಶ್ರುತಿ ತಪ್ತಾನೆ, ನಿರ್ದೇಶಕ ಹಾಗೇ ಬಿಟ್ಟಿದ್ದಾನೆ. ಅದಕ್ಕೇ ನಂಬಿಕೆ ಬರುತ್ತೆ. ಮನುಷ್ಯರು ಹಾಗೇ ಹಾಡೋದು.

ಎರಡನೇ ಭಾಗಕ್ಕೆ ಬನ್ನಿ. ಬಣ್ಣ. ಅಗಲ ಪರದೆ. ಆರು ವರ್ಷ ಕಳೆದಿದೆ, ಊರು, ಹೆಂಡತಿ ಬಿಟ್ಟು ಹೋದ ಹುಡುಗ ಈಗ ದೊಡ್ಡ ಹೆಸರು. ಒಂದು ಸ್ವರ ತಪ್ಪಲ್ಲ. ಮೈ ತುಂಬ ಮಿಂಚೋ ಬಟ್ಟೆ, ಪ್ರತಿ ಕೋಣೆಯಲ್ಲೂ ಕನ್ನಡಿ. "ನೀನು ಬದಲಾಗಿದ್ದೀಯ" ಅಂತ ಆರು ಜನ ಆರು ಸಲ ಅವನಿಗೆ ಹೇಳ್ತಾರೆ. ನಮಗೆ ಕಣ್ಣಿಲ್ವಾ? ಮೊದಲನೇದರಲ್ಲಿ ನಾವೇ ಹುಡುಕ್ಕೋಬೇಕಾಗಿತ್ತು, ಇಲ್ಲಿ ಚಮಚದಲ್ಲಿ ಹಾಕಿ ಬಾಯಿಗೆ ತುರುಕ್ತಾರೆ. ಮೊದಲನೇದು ಒಬ್ಬ ಹುಡುಗನ ಬಗ್ಗೆ. ಎರಡನೇದು ಮೊದಲನೇ ಸಿನಿಮಾ ಎಷ್ಟು ಓಡ್ತು ಅನ್ನೋದರ ಬಗ್ಗೆ.

ಈ ಸಾಲು ಚೆನ್ನಾಗಿದೆ ಅಲ್ವಾ? ಭಾಷಣದಲ್ಲಿ ಹಾಕಿದೀನಿ.

ಏನು? ಅಣ್ಣನಿಗೆ ಎರಡನೇದೇ ಇಷ್ಟ ಆಗಿತ್ತು ಅಂತಾನಾ? ಅವನ ಫೋಟೋ ಕಡೆ ಯಾಕೆ ನೋಡ್ತೀರಿ, ಅವನೇನು ಸಾಕ್ಷಿ ಹೇಳ್ತಾನಾ? ಹೌದು, ಇಷ್ಟ ಆಗಿತ್ತು. ಮನೆ ಮನೆಗೆ ಹೋಗಿ ಕರೆಂಟ್ ಮೀಟರು ಓದಿ ಬರೆಯೋ ಮನುಷ್ಯ, ಸಂಜೆಯಾದ್ರೆ ಗಿಟಾರ್. ಅಂಥವನಿಗೆ ಮಿಂಚೋ ಬಟ್ಟೆ ಇಷ್ಟ ಆಗ್ದೇ ಇರುತ್ತಾ? ಇಪ್ಪತ್ತೆರಡು ವರ್ಷದ ಹಿಂದೆ ನಮ್ಮ ಫಿಲ್ಮ್ ಸೊಸೈಟಿಯಲ್ಲಿ ಎರಡೂ ತೋರಿಸಿದೆವಲ್ಲ, ನೀವು ಮೂರನೇ ಸಾಲಲ್ಲಿ ಕೂತಿದ್ರಿ, ಗುಬ್ಬಿ ನಿಮ್ಮ ತೊಡೆ ಮೇಲೆ ನಿದ್ದೆ ಮಾಡ್ತಿತ್ತು. ಅಣ್ಣ ಮುಂದಿನ ಸೀಟಿಗೆ ಗದ್ದ ಊರಿ ನೋಡ್ತಿದ್ದ. ಮೂರು ವಾರ ಆಗಿರ್ಲಿಲ್ಲ, ಹೋಟೆಲುಗಳಲ್ಲಿ ನುಡಿಸೋ ಆ ಬ್ಯಾಂಡಿನವರ ಜೊತೆ ವ್ಯಾನ್ ಹತ್ತಿ ಮನೆ ಬಿಟ್ಟ.

ಇಲ್ಲ, ಇಲ್ಲ... ಅದನ್ನ ಕೆದಕೋಕೆ ಬಂದಿಲ್ಲ ನಾನು. ಸಿನಿಮಾ ಬಗ್ಗೆ ಮಾತ್ರ. ಸಿನಿಮಾ ಕೆಟ್ಟದಾಗಿದೆ ಅಂತ ಹೇಳೋಕೆ ಬಂದೆ. ಅದರಲ್ಲೂ ಕೊನೆಯ ಇಪ್ಪತ್ತು ನಿಮಿಷ. ಅವನು ಮನೆ ಬಾಗಿಲಿಗೆ ಬರ್ತಾನೆ, ಅವಳು ಬಾಗಿಲು ತೆಗೀತಾಳೆ. ಇದಕ್ಕಿಂತ ಅಗ್ಗದ...

ಏನಾಯ್ತು? ಮಿಷನ್ ಯಾಕೆ ನಿಲ್ಲಿಸಿದ್ರಿ?

ಓ.

ಹೌದು. ನೀವು ನೋಡಿದಾಗ ಬಾಗಿಲು ಇರ್ಲಿಲ್ಲ. ದಾರಿ ಕವಲೊಡೆಯೋ ಕಡೆ ಕಾರು ನಿಲ್ಲುತ್ತೆ, ಅವನು ಗಿಟಾರ್ ಹಿಡ್ಕೊಂಡು ಇಳೀತಾನೆ, ಮಂಜಿನೊಳಗೆ ನಡ್ಕೊಂಡು ಹೋಗ್ತಾನೆ. ಪರದೆ ಪೂರಾ ಬಿಳಿ. ದೀಪ ಹತ್ತಿತು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದ್ರು. ನೀವು ತಟ್ಟಲಿಲ್ಲ, ಗುಬ್ಬಿ ಎದ್ದುಬಿಡ್ತಾಳೆ ಅಂತ. ಎಲ್ಲಾ ನೆನಪಿದೆ ನಂಗೆ.

ಹೇಗೆ ಹೇಳ್ಲಿ ಅತ್ತಿಗೆ... ಅದು ಮುಗಿದಿರ್ಲಿಲ್ಲ.

ಆರು ಡಬ್ಬಿ ಬಂದಿತ್ತು. ಒಂದೊಂದು ಡಬ್ಬಿಯಲ್ಲಿ ಒಂದೊಂದು ರೀಲು, ಒಂದೊಂದು ಇಪ್ಪತ್ತು ನಿಮಿಷ. ಸೊಸೈಟಿಯ ಕಾರ್ಯದರ್ಶಿ ನಾನೇ, ಪ್ರೊಜೆಕ್ಟರ್ ಓಡಿಸ್ತಿದ್ದವನೂ ನಾನೇ. ಬೆಳಿಗ್ಗೆ ಖಾಲಿ ಹಾಲಿನಲ್ಲಿ ಒಂದು ಸಲ ಓಡಿಸಿ ನೋಡೋದು ಪದ್ಧತಿ, ಎಲ್ಲಾದ್ರೂ ಹರಿದಿದೆಯಾ ಅಂತ. ಐದನೇ ರೀಲು ಆ ಮಂಜಿನಲ್ಲಿ ಮುಗೀತು. ನಾನು ಎದ್ದು ನಿಂತೆ. ಒಬ್ಬನೇ. ಎಂಥ ಮುಕ್ತಾಯ ಅಂದ್ಕೊಂಡೆ. ಆಮೇಲೆ ನೋಡಿದ್ರೆ ಮೇಜಿನ ಮೇಲೆ ಇನ್ನೂ ಒಂದು ಡಬ್ಬಿ. ಆರನೇದು. ಹಾಕಿದೆ. ನೋಡಿದೆ. ಅಷ್ಟು ಒಳ್ಳೆ ಮಂಜನ್ನ ಹಾಳು ಮಾಡಿಬಿಟ್ಟಿದ್ದ ನಿರ್ದೇಶಕ.

ಸಂಜೆ ನಾನು ಐದೇ ಹಾಕಿದೆ.

ಯಾರಿಗೂ ಹೇಳಲಿಲ್ಲ. ಹೇಳೋದೇನು, ಯಾರೂ ಕೇಳಲೇ ಇಲ್ಲ. ನಾನು ಆ ಸಿನಿಮಾನ ಉದ್ಧಾರ ಮಾಡಿದೆ ಅಂತ್ಲೇ ತಿಳ್ಕೊಂಡಿದ್ದೆ. ಆಮೇಲೆ "ಹಿಂತಿರುಗದ ನಾಯಕ" ಅಂತ ಲೇಖನ ಬರೆದೆ, ನೀವು ಓದಿಲ್ಲ, ಓದ್ಬೇಡಿ ಕೂಡ. ಮನೆಗೆ ಮರಳದೇ ಇರೋದೇ ಈ ಚಿತ್ರದ ಧೈರ್ಯ ಅಂತ ಹದಿನಾಲ್ಕು ಪುಟ. ಅದೇ ಲೇಖನ ಹಿಡ್ಕೊಂಡು ಇವತ್ತು ನನ್ನ ವೇದಿಕೆಗೆ ಕರೆದಿದ್ದಾರೆ. ಈಗ ಸಿನಿಮಾನ ಹೊಸದಾಗಿ ತೊಳೆದು ಬಳಿದು ಕಳಿಸಿದ್ದಾರಂತೆ, ಪೂರ್ತಿ. ನಾನು ಮಾತಾಡಿ ಕೆಳಗಿಳಿದು ಕೂರ್ತೀನಿ, ಎರಡು ಗಂಟೆ ಆದ್ಮೇಲೆ ಆ ನಾಯಕ ನೆಟ್ಟಗೆ ಮನೆಗೆ ಬರ್ತಾನೆ. ಇಡೀ ಹಾಲು ನನ್ನ ಕಡೆ ತಿರುಗುತ್ತೆ.

ನಗ್ತೀರಾ? ಅತ್ತಿಗೆ, ನನ್ನ ಮರ್ಯಾದೆ ಮಣ್ಣುಪಾಲಾಗ್ತಿದೆ, ನೀವು... ಹೊಟ್ಟೆ ಹಿಡ್ಕೊಂಡು ನಗ್ತಿದೀರಾ! ಕೋಟಿನ ತೋಳು ಕೆಳಗೆ ಬಿತ್ತು, ತಗೊಳ್ಳಿ.

ನಗಿ. ನಗೋ ವಿಷಯಾನೇ. ಮರ್ಯಾದೆ ಹೋದ್ರೆ ಹೋಗ್ಲಿ, ನನ್ನ ಮರ್ಯಾದೆಗೆ ಈ ಊರಲ್ಲಿ ಅಂಥಾ ಬೇಡಿಕೆಯೇನಿಲ್ಲ. ನಾನು ಬಂದಿದ್ದು ಅದಕ್ಕಲ್ಲ. ಬಂದಿದ್ದು... ನೋಡಿ, ನಾನು ಆ ರೀಲು ಹಾಕಿದ್ರೆ ಅಣ್ಣನೂ ನೋಡ್ತಿದ್ದ. ಹೋದವನು ವಾಪಸ್ಸು ಬರೋದನ್ನ ನೋಡ್ತಿದ್ದ. ಮಂಜು ನೋಡಿ ಹೋದ. ಬಾಗಿಲು ನೋಡಿದ್ರೆ ಹೋಗ್ತಿರ್ಲಿಲ್ವೇನೋ. ಇಪ್ಪತ್ತೆರಡು ವರ್ಷ ಇದು ನನ್ನ ತಲೆ ತಿಂದಿದೆ. ಆಯ್ತು, ಹೇಳಿದೆ. ಹೇಳಿಬಿಟ್ಟೆ. ಬೈಯಿರಿ.

ಏನು, ಕೈ ಆಡಿಸ್ತೀರಿ? ಹೋಗಯ್ಯಾ ಅಂತಾನಾ? ಸಿನಿಮಾ ನೋಡಿ ಗಂಡಸರು ಮನೆ ಬಿಡೋದಾದ್ರೆ ಈ ಬೀದಿಯಲ್ಲಿ ಒಬ್ಬನೂ ಉಳೀತಿರ್ಲಿಲ್ಲ ಅಂತಾನಾ? ಅವನು ಹೋಗೋದು ಹೋಗೇ ಹೋಗ್ತಿದ್ದ, ಮಂಜು ಇದ್ರೂ ಬಿಸಿಲಿದ್ರೂ... ನಿಜ. ನಿಮಗೆ ಅವತ್ತೇ ಗೊತ್ತಿತ್ತಾ? ಗೊತ್ತಿದ್ದೂ ಅವನ ಜಾಕೆಟ್ಟಿಗೆ ಲೈನಿಂಗ್ ಹಾಕಿಕೊಟ್ರಾ?

ಅಬ್ಬಾ. ಹಾಗಾದ್ರೆ ನನ್ನ ಮೇಲೆ ಸಿಟ್ಟಿಲ್ಲ. ಸಿಟ್ಟಿಲ್ಲ ತಾನೇ? ತಲೆ ಅಲ್ಲಾಡಿಸಿ ಸಾಕು. ಹ್ಞಾ. ಇಷ್ಟು ಸಣ್ಣ ವಿಷಯ ಇಟ್ಕೊಂಡು ನಾನು... ಒಂದು ಲೋಟ ನೀರು ಕುಡೀತೀನಿ ಇರಿ.

ಹಾಗಾದ್ರೆ ಹೋಗೋದು ಬೇಡ ಅಲ್ವಾ? ಎಲ್ಲಾ ಹೇಳಿದ ಮೇಲೆ ಇನ್ನೇನು ನೋಡೋದಿದೆ.

ಯಾಕೆ, ಇನ್ನೂ ಏನು?

ಆ ರೀಲಿನಲ್ಲಿ ಏನಿದೆ ಅಂತಾನಾ. ಹೇಳಿದ್ನಲ್ಲ! ಬರ್ತಾನೆ, ಬಾಗಿಲು ತೆಗೀತಾಳೆ. ಸರಿ, ಪೂರ್ತಿ ಹೇಳ್ತೀನಿ, ಆಮೇಲೆ ಹೋಗಲ್ಲ ಅಂತ ಮಾತು ಕೊಡ್ಬೇಕು. ಮಂಜು ಕರಗುತ್ತೆ. ಬೆಳಗಾಗಿದೆ. ಅವನು ನಡೀತಾನೆ, ತುಂಬ ಹೊತ್ತು ನಡೀತಾನೆ, ಒಂದು ಪೆಟ್ರೋಲ್ ಬಂಕಿನ ನಲ್ಲಿಯಲ್ಲಿ ಮುಖ ತೊಳೀತಾನೆ. ಆಮೇಲೆ ಬಸ್ಸು. ಅವನು ಹಿಂದೆ ತೊಳೀತಿದ್ದಂಥದ್ದೇ ಬಸ್ಸು. ಊರಿನ ಬೀದಿ. ಮನೆ. ಅವಳು ಬಾಗಿಲು ತೆಗೀತಾಳೆ. ಹಿನ್ನೆಲೆ ಸಂಗೀತ ಏನೂ ಇಲ್ಲ, ಅಷ್ಟು ಬುದ್ಧಿ ಉಪಯೋಗಿಸಿದ್ದಾನೆ. ಅವಳು ಅಳಲ್ಲ, ಅಪ್ಪಿಕೊಳ್ಳಲ್ಲ. "ಶೂ ಬಿಚ್ಚಿ ಬಾ, ಈಗಷ್ಟೇ ನೆಲ ಒರೆಸಿದೀನಿ" ಅಂತಾಳೆ. ಅಷ್ಟೇ. ಮುಗೀತು.

ಅತ್ತಿಗೆ?

ನೋಡಿ, ಇದಕ್ಕೇ ನಾನು ಬೇಡ ಅಂದಿದ್ದು. ಮುಖ ಹೇಗಾಯ್ತು ನೋಡ್ಕೊಳ್ಳಿ. ನೀವೂ ಅದನ್ನೇ ಹೇಳ್ತಿದ್ರಿ ಅಲ್ವಾ ಅವನು ಬಂದಿದ್ರೆ? ನೆಲ ಒರೆಸಿದೀನಿ ಅಂತ. ಅಥವಾ ಊಟ ಆಗಿದೆಯಾ ಅಂತ. ನೀವು ಕೂಗಾಡೋ ಜಾತಿಯಲ್ಲ.

ಏನು ಬೆರಳು? ಎರಡು ಬೆರಳು... ಮಧ್ಯೆ? ಮಧ್ಯೆ ಏನು?

ಏನೂ ಇಲ್ಲ. ಪೆಟ್ರೋಲ್ ಬಂಕು, ಬಸ್ಸು. ಹೇಳಿದ್ನಲ್ಲ.

ಯಾಕೆ ವಾಪಸ್ಸು ಬಂದ ಅಂತಾನಾ? ಆರು ವರ್ಷ ತಿರುಗಿ ನೋಡದವನು ಅವತ್ತೇ ಯಾವ ಧೈರ್ಯದ ಮೇಲೆ ಬಸ್ಸು ಹತ್ತಿದ ಅಂತ? ನೀವು ಸಿನಿಮಾ ವಿಮರ್ಶೆ ಬರೀಬೇಕಾಗಿತ್ತು ಕಣ್ರೀ. ಅದೇನೋ ಒಂದು ಸಣ್ಣ ಸೀನ್ ಇದೆ. ಮುಖ್ಯ ಅಲ್ಲ. ಕಥೆಗೆ ಬೇಕಾಗಿತ್ತು ಅಂತ ತುರುಕಿದ್ದಾರೆ. ಬಂಕಿನ ಪಕ್ಕ ಒಂದು ಟೆಲಿಫೋನ್ ಇರುತ್ತೆ. ಅಲ್ಲಿಂದ ತಮ್ಮನಿಗೆ ಫೋನ್ ಮಾಡ್ತಾನೆ. ತಮ್ಮ ಬಸ್ ಕಂಡಕ್ಟರ್. "ನಾನು ಬಂದ್ರೆ ಅವಳು ಬಾಗಿಲು ತೆಗೀತಾಳಾ?" ಅಂತ ಕೇಳ್ತಾನೆ. ತಮ್ಮ ಬೇರೇನೂ ಹೇಳಲ್ಲ, "ಏಳೂ ಹತ್ತರ ಬಸ್ಸು ಹಿಡಿ" ಅಂತಾನೆ. ಅಷ್ಟೇ. ಅರ್ಧ ನಿಮಿಷದ ಸೀನು. ಆ ನಟನಿಗೆ ಮಾತಾಡೋಕೂ ಬರ್ತಿರ್ಲಿಲ್ಲ. ಎಷ್ಟು ಅಗ್ಗ ನೋಡಿ, ಒಂದು ಫೋನು, ಒಂದು ಬಸ್ಸು, ಆರು ವರ್ಷದ ಗಾಯ ಮಾಯ. ಬದುಕಲ್ಲಿ ಹೀಗಾಗುತ್ತಾ ಎಲ್ಲಾದ್ರೂ?

ಬಾಯಿಂದ ಸೂಜಿ ತೆಗೆದ್ರಲ್ಲ. ಹ್ಞಾ, ಮಾತಾಡಿ. ಎಷ್ಟೊತ್ತಿಂದ ನಾನೊಬ್ಬನೇ ಒದರ್ತಿದೀನಿ.

ಮಾತಾಡಿ ಅಂದೆ.

ಒಂದೊಂದೇ ಸೂಜೀನ ಆ ಡಬ್ಬಕ್ಕೆ ಹಾಕ್ತಾ ಕೂತ್ರೆ ನಾನು ಏನಂತ ತಿಳ್ಕೋಬೇಕು? ಬಾಯಿ ಖಾಲಿ ಇದೆ ಈಗ. ಕೇಳೋದಿದ್ರೆ ಕೇಳಿ. ನನ್ನ ಮುಖ ಹಾಗೆ ನೋಡ್ಬೇಡಿ. ನನ್ನ ಮುಖದಲ್ಲಿ ಏನೂ ಬರೆದಿಲ್ಲ.

ಅದು ಸಿನಿಮಾ ಅತ್ತಿಗೆ. ಸಿನಿಮಾದಲ್ಲಿ ಫೋನ್ ಬರುತ್ತೆ.

ನೀವು ಆಗ ಪ್ರತಿ ಭಾನುವಾರ, ನಾನು ಊಟಕ್ಕೆ ಬಂದಾಗ, ಕೇಳ್ತಿದ್ರಿ. ಈ ಮನೆಯಲ್ಲಿ ಫೋನ್ ಇರ್ಲಿಲ್ಲ, ಅವನ ಹತ್ರ ಇದ್ದಿದ್ದು ನಮ್ಮ ಕಾಲೇಜಿನ ಸ್ಟಾಫ್ ರೂಮಿನ ನಂಬರ್ ಒಂದೇ. ಅನ್ನ ಬಡಿಸ್ತಾ ಕೇಳ್ತಿದ್ರಿ, ನನ್ನ ಕಡೆ ನೋಡದೇ, "ಏನಾದ್ರೂ ಫೋನ್ ಬಂತಾ?" ಅಂತ. ನಾನು ಇಲ್ಲ ಅಂತಿದ್ದೆ. ಅದು ನಿಜ. ಒಂದು ವರ್ಷ ಪೂರ್ತಿ ಅದು ನಿಜಾನೇ ಆಗಿತ್ತು, ಆಣೆ ಮಾಡಿ ಹೇಳ್ತೀನಿ.

ಆಮೇಲೆ ಒಂದು ದಿನ... ಮಧ್ಯಾಹ್ನ. ಊಟ ಆದ್ಮೇಲಿನ ಪೀರಿಯಡ್ಡು ಮುಗಿಸಿ ಬಂದಿದ್ದೆ, ಕೈಗೆಲ್ಲ ಸೀಮೆಸುಣ್ಣ. ಜವಾನ ಕರೆದ, ಸಾರ್ ನಿಮಗೆ ಫೋನು ಅಂತ. ಯಾವುದೋ ಬಸ್ ನಿಲ್ದಾಣ. ಹಿಂದೆ ಬಸ್ಸು ಹೋಗೋ ಊರುಗಳ ಹೆಸರು ಕೂಗ್ತಿದ್ರು. ಅಣ್ಣ "ಹೇಗಿದ್ದೀಯೋ" ಅಂದ. ಗುಬ್ಬಿ ಶಾಲೆಗೆ ಸೇರಿದ್ಲಾ ಅಂದ. ಬ್ಯಾಂಡು ಒಡೆದು ನಾಲ್ಕು ತಿಂಗಳಾಯ್ತು ಅಂದ. ಆಮೇಲೆ ಕೇಳಿದ. ಅದೇ ಮಾತು. ಅವನು ಆ ರೀಲು ನೋಡಿರ್ಲಿಲ್ಲ ಅತ್ತಿಗೆ, ನೋಡೋ ಹಾಗೇ ಇರ್ಲಿಲ್ಲ, ಆದ್ರೂ ಅದೇ ಮಾತು, "ಬಂದ್ರೆ ಬಾಗಿಲು ತೆಗೀತಾಳೇನೋ?"

ನಂಗೆ ಏನನ್ನಿಸ್ತು ಗೊತ್ತಾ? ಈ ಸೀನ್ ನಾನು ನೋಡಿದೀನಿ, ಚೆನ್ನಾಗಿಲ್ಲ ಅನ್ನಿಸ್ತು. ನಿಜವಾಗ್ಲೂ. ಸ್ಟಾಫ್ ರೂಮಿನಲ್ಲಿ ನಿಂತ್ಕೊಂಡು, ನನ್ನ ಒಡಹುಟ್ಟಿದವನ ಮಾತು ಕೇಳ್ತಾ, ಅವನು ಕೆಟ್ಟದಾಗಿ ನಟಿಸ್ತಿದ್ದಾನೆ ಅನ್ನಿಸ್ತು.

"ಅಣ್ಣಾ, ಎರಡನೇ ಭಾಗ ಯಾವತ್ತೂ ಚೆನ್ನಾಗಿರಲ್ಲ" ಅಂದೆ.

ಅಷ್ಟೇ ಅಂದಿದ್ದು. ಬರಬೇಡ ಅನ್ನಲಿಲ್ಲ. ಬರಬೇಡ ಅಂತ ಒಂದಕ್ಷರ ನನ್ನ ಬಾಯಿಂದ ಬರ್ಲಿಲ್ಲ, ನೀವು ಬೇಕಾದ್ರೆ... ಯಾರನ್ನ ಕೇಳ್ತೀರಿ. ಅವನು ನಕ್ಕ. ಆ ನಗು ನಿಮಗೆ ಗೊತ್ತಲ್ಲ, ಮೂಗಿನಿಂದ ಬರೋದು. "ನೀನು ಸರಿ ಬಿಡೋ ಮೇಷ್ಟ್ರೇ" ಅಂದ. ಫೋನ್ ಇಟ್ಟ. ತಮಾಷೆ ಅಂತ ತಿಳ್ಕೊಂಡು ನಾನು ಕೈ ತೊಳೆಯೋಕೆ ಹೋದೆ. ಮತ್ತೆ ಮಾಡ್ತಾನೆ ಅಂದ್ಕೊಂಡೆ. ಮಾಡ್ತಾನೆ, ಆಗ ಸರಿಯಾಗಿ ಹೇಳೋಣ, ಬಾರಯ್ಯಾ ಅನ್ನೋಣ ಅಂತ. ಹದಿನೈದು ವರ್ಷ. ಫೋನ್ ಬರಲೇ ಇಲ್ಲ. ಕೊನೆಗೆ ಯಾವುದೋ ಊರಿನ ಆಸ್ಪತ್ರೆಯಿಂದ, ತೀರಿಕೊಂಡ ಅಂತ, ನಿಮಗೆ ಕಾಗದ ಬಂತು. ಹೋಗಿ ಅವನ ಗಿಟಾರು, ಎರಡು ಅಂಗಿ ತಂದ್ವಿ. ಬಸ್ಸಲ್ಲಿ ನೀವು ಕಿಟಕಿ ಪಕ್ಕ ಕೂತು ಒಂದೇ ಒಂದು ಮಾತು ಆಡಿದ್ರಿ, "ಒಂದು ಸಲವಾದ್ರೂ ಕೇಳ್ಬಹುದಾಗಿತ್ತು ಅವರು" ಅಂತ.

ನಾನು ಪಕ್ಕದಲ್ಲೇ ಕೂತಿದ್ದೆ.

ಆ ಭಾನುವಾರವೂ ನೀವು ಕೇಳಿದ್ರಿ. ಫೋನ್ ಬಂದ ವಾರದ ಭಾನುವಾರ. "ಏನಾದ್ರೂ ಫೋನ್ ಬಂತಾ?" ಇಲ್ಲ ಅಂದೆ. ನೀವು ಸಾರು ಬಡಿಸಿದ್ರಿ.

ಸಿನಿಮಾದ ರುಚಿ ನನ್ನ ಹಾಳು ಮಾಡಿತು ಅತ್ತಿಗೆ. ಪುಸ್ತಕ ಓದಿ ಓದಿ, ಎಲ್ಲದರಲ್ಲೂ ಕೊಂಕು ಹುಡುಕಿ ಹುಡುಕಿ ನಾನು ಹೀಗಾದೆ. ಒಳ್ಳೇದು ಅಂದ್ರೆ ನಂಬಿಕೆ ಬರಲ್ಲ ನಂಗೆ. ಅದೊಂದು ಕಾಯಿಲೆ. ಕಾಯಿಲೆ ಇರೋವನ ಮೇಲೆ ಯಾರಾದ್ರೂ...

ಯಾಕೆ ತಲೆ ಅಲ್ಲಾಡಿಸ್ತೀರಿ?

ಅದಲ್ಲ ಅಂತಾನಾ? ಮತ್ತಿನ್ನೇನು? ಇದೇ ಕಾರಣ. ನಾನು ಯೋಚಿಸಿದೀನಿ, ಇಪ್ಪತ್ತು ವರ್ಷ ಯೋಚಿಸಿದೀನಿ, ತರ್ಕ ನನ್ನ ಕಸುಬು.

ಅತ್ತಿಗೆ, ಏನಾದ್ರೂ ಅನ್ನಿ. ಎದ್ದು ಕೆನ್ನೆಗೆ ಬಾರಿಸಿ. ಆ ಕತ್ತರಿ ತಗೊಂಡು ಎಸೀರಿ. ಹೀಗೆ ಕೈ ಕಟ್ಟಿ ಕೂತು ಕಾಯ್ಬೇಡಿ, ನಾನು ಪರೀಕ್ಷೆ ಹಾಲಿನಲ್ಲಿ ಹುಡುಗರ ಎದುರು ಕಾಯೋ ಹಾಗೆ. ಉತ್ತರ ಬರೆದಾಯ್ತು. ಇನ್ನು ಬರೆಯೋದಿಲ್ಲ.

ಇನ್ನೂ ಇದೆ ಅಂತೀರಾ.

ಗುಬ್ಬಿ ಆಗ ನನ್ನ ಹತ್ರ ಮಗ್ಗಿ ಹೇಳಿಸ್ಕೊಳ್ತಿತ್ತು. ಏಳರ ಮಗ್ಗಿಯಲ್ಲಿ ಎಡವುತ್ತಿತ್ತು, ಎಡವಿದಾಗೆಲ್ಲ ನನ್ನ ಬೆರಳು ಹಿಡ್ಕೊಳ್ತಿತ್ತು. ನನ್ನ ಅಂಗಿಗೆ ಗುಂಡಿ ಹೋಗಿದೆ ಅಂತ ನಾನು ಹೇಳೋಕೆ ಮುಂಚೆ ನಿಮಗೆ ಗೊತ್ತಾಗ್ತಿತ್ತು. ಇಲ್ಲಿಂದ ಹೊರಟು ನನ್ನ ಕೋಣೆಗೆ ಹೋದ್ರೆ ಅಲ್ಲಿ ಪುಸ್ತಕ, ಒಂದು ಮಂಚ, ಒಂದು ಸ್ಟವ್ವು. ಸೋಮವಾರದಿಂದ ಶನಿವಾರದವರೆಗೆ ಅಷ್ಟೇ. ನಾನೇನೂ ಕೆಟ್ಟ ಆಸೆ ಇಟ್ಕೊಂಡಿರ್ಲಿಲ್ಲ ಅತ್ತಿಗೆ, ನಿಮ್ಮ ಮುಖ ನೋಡಿ ಹೇಳ್ತೀನಿ. ಒಂದು ತಟ್ಟೆ. ಅವನು ಹೋದ್ಮೇಲೆ ಈ ಮನೆಯಲ್ಲಿ ನನಗೆ ಅಂತ ಒಂದು ತಟ್ಟೆ ಇತ್ತು.

ಅವನು ಬಂದಿದ್ರೆ ಭಾನುವಾರ ನಾನು ಎಲ್ಲಿಗೆ ಹೋಗ್ಬೇಕಾಗಿತ್ತು?